ಮಂಗಳವಾರದ ಹಾಡು

ಮಂಗಳವಾರ ಸಂಜೆ ಐದೂವರೆ. ನವೆಂಬರ್ ತಿಂಗಳು. ಹೊರಗೆ ಆಗಲೇ ಕತ್ತಲಾಗಿದೆ, ಜಿಟಿಜಿಟಿ ಮಳೆ. ಕೆಥೆಡ್ರಲ್ ಒಳಗೆ ನಾವು ಹನ್ನೊಂದು ಜನ ಕೂತಿದ್ದೇವೆ. ಸುಮ್ನೆ ಎಣಿಸಿದೆ. ಅದರಲ್ಲಿ ಇಬ್ಬರು ಪ್ರವಾಸಿಗಳು, ಒಬ್ಬರು ಕೊಡೆ ಮರೆತು ಮಳೆಗೆ ಸಿಕ್ಕಿ ಒಳಗೆ ಬಂದವರು. ಎದುರಿಗೆ ಹಾಡಲು ನಿಂತವರು ಇಪ್ಪತ್ತೆರಡು ಮಂದಿ. ಹದಿನಾರು ಮಕ್ಕಳು, ಆರು ಗಂಡಸರು. ಕೇಳುವವರಿಗಿಂತ ಹಾಡುವವರೇ ದುಪ್ಪಟ್ಟು.

ಮುಕ್ಕಾಲು ಗಂಟೆ ಹಾಡುತ್ತಾರೆ. ಟಿಕೆಟ್ ಇಲ್ಲ, ಚಪ್ಪಾಳೆ ಇಲ್ಲ, ವಂದನಾರ್ಪಣೆಯೂ ಇಲ್ಲ. ಮುಗಿದ ಮೇಲೆ ಎರಡು ಸಾಲಾಗಿ ಹೊರಟುಹೋಗುತ್ತಾರೆ. ಬುಧವಾರ ಐದೂವರೆಗೆ ಬೇರೆಯೇ ಹಾಡುಗಳನ್ನು ಕಲಿತುಕೊಂಡು ಮತ್ತೆ ಹಾಜರು.

ಇದಕ್ಕೆ ಎವೆನ್‌ಸಾಂಗ್ ಅನ್ನುತ್ತಾರೆ. ಹಿಂದೆ ಸನ್ಯಾಸಿಗಳು ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಲ್ಯಾಟಿನ್‌ನಲ್ಲಿ ಹೇಳುತ್ತಿದ್ದ ಎರಡು ಪ್ರಾರ್ಥನೆಗಳನ್ನು ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ 1549ರಲ್ಲಿ ಇಂಗ್ಲಿಷಿಗೆ ತಂದು ಒಂದೇ ಮಾಡಿದರು. ಅಲ್ಲಿಂದ ಇದು ನಡೆದುಕೊಂಡು ಬಂದಿದೆ. ಬಿಬಿಸಿ ರೇಡಿಯೋ 1926ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬಿಯಿಂದ ಮೊದಲ ಸಲ ಪ್ರಸಾರ ಮಾಡಿತು, ಇವತ್ತಿಗೂ ಬಿಟ್ಟಿಲ್ಲ.

ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಡ್ಯೂಟಿ ಹನ್ನೆರಡು ಗಂಟೆಯದು, ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಏಳೂವರೆ. ರಜೆ ಅನ್ನುವುದು ವಾರದ ನಡುವೆ ಎಲ್ಲೋ ಸಿಗುತ್ತದೆ. ಎಲ್ಲರೂ ಕೆಲಸಕ್ಕೆ, ಸ್ಕೂಲಿಗೆ ಹೋದಾಗ ನಾನೊಬ್ಬಳೇ ಮನೆಯಲ್ಲಿ. ಹಾಗಾಗಿ ನನಗೆ ಈ ಮಂಗಳವಾರದ ಅಭ್ಯಾಸ ಹತ್ತಿತು. ಊರಿನ ಹೆಸರು ಬೇಡ. ದಕ್ಷಿಣ ಇಂಗ್ಲೆಂಡಿನ ಚಿಕ್ಕ ಊರು, ಎಲ್ಲರಿಗೂ ಎಲ್ಲರೂ ಗೊತ್ತು.

ಹಾಡುವ ಮನೆಯಿಂದಲೇ ಬಂದವಳು ನಾನು. ಹುಟ್ಟಿದ್ದು ಮಂಗಳೂರಿನ ಬಾಸೆಲ್ ಮಿಶನ್ ಸಭೆಯ ಕುಟುಂಬದಲ್ಲಿ. ಅಪ್ಪ ಕ್ವಾಯರಿನಲ್ಲಿ, ಅಂದರೆ ಚರ್ಚಿನ ಹಾಡುಗಾರರ ಗುಂಪಿನಲ್ಲಿ, ಬೇಸ್ (ಗಂಡಸರ ಕೆಳದನಿ) ಹಾಡುತ್ತಿದ್ದರು. ಶನಿವಾರ ಸಂಜೆ ಪ್ರಾಕ್ಟೀಸ್. ಅರ್ಧ ಗಂಟೆ ಹಾಡು, ಅರ್ಧ ಗಂಟೆ ಊರಿನ ಸುದ್ದಿ. ಕ್ರಿಸ್ಮಸ್ ಹತ್ತಿರ ಬಂದರೆ ಮನೆಮನೆಗೆ ಕ್ಯಾರಲ್. ಗಂಟಲು ಕಟ್ಟಿದವರೂ ಬರುತ್ತಿದ್ದರು, ಶ್ರುತಿ ಸೇರದವರೂ ಬರುತ್ತಿದ್ದರು, ಯಾರನ್ನೂ ಬೇಡ ಅಂದದ್ದು ನೆನಪಿಲ್ಲ. ಹಾಡುವವರೂ ನಾವೇ, ಕೇಳುವವರೂ ನಾವೇ. ದುಡ್ಡಿನ ಮಾತೇ ಬರುತ್ತಿರಲಿಲ್ಲ. ಹಾಗಾಗಿ ಕ್ವಾಯರ್ ಎಂದರೆ ಬಿಟ್ಟಿ ಸಿಗುವ ವಸ್ತು ಅಂತ ನನ್ನ ತಲೆಯಲ್ಲಿ ಕೂತಿತ್ತು. ಇಲ್ಲಿ ಬಂದು ಅದರ ಬಿಲ್ಲು ನೋಡಿದೆ.

ಬಿಲ್ಲಿನ ಮಾತು ಆಮೇಲೆ. ಮೊದಲು ಒಂದು ಬೆರಳಿನ ಬಗ್ಗೆ ಹೇಳಬೇಕು.

ಈ ಮಕ್ಕಳಿಗೆ ಕಾರಿಸ್ಟರ್ ಅನ್ನುತ್ತಾರೆ. ಎಂಟರ ಹೊತ್ತಿಗೆ ಸೇರುತ್ತಾರೆ, ಹದಿಮೂರಕ್ಕೆ ಬಿಡುತ್ತಾರೆ. ಹೊಸದಾಗಿ ಬಂದವರು ಪ್ರೊಬೇಷನರ್. ಅವರಿಗೆ ಬಿಳಿ ಮೇಲಂಗಿ ಇಲ್ಲ, ಬಣ್ಣದ ನಿಲುವಂಗಿ ಮಾತ್ರ. ನಾನು ಕೂರುವ ಜಾಗದಿಂದ ಒಬ್ಬ ಪ್ರೊಬೇಷನರ್ ಹುಡುಗ ಸರಿಯಾಗಿ ಕಾಣುತ್ತಿದ್ದ. ಗಲ್ಲ ಮೇಜಿನ ಅಂಚಿಗೆ ತಾಗುವಷ್ಟು ಎತ್ತರ. ಪಕ್ಕದಲ್ಲಿ ಹನ್ನೆರಡು ವರ್ಷದವನೊಬ್ಬ. ಅವತ್ತು ತಿಂಗಳ 15ನೇ ತಾರೀಕು. ಹಳೇ ಪದ್ಧತಿ ಪ್ರಕಾರ ಬೈಬಲ್ಲಿನ 150 ಕೀರ್ತನೆಗಳನ್ನೂ ಮೂವತ್ತು ದಿನದಲ್ಲಿ ಹಾಡಿ ಮುಗಿಸಬೇಕು. 15ರ ಸಂಜೆ 78ನೆಯದು ಬರುತ್ತದೆ, ಎಪ್ಪತ್ತಕ್ಕೂ ಹೆಚ್ಚು ವಚನಗಳ ಉದ್ದ. ಕ್ವಾಯರಿನವರೆಲ್ಲ ಅದನ್ನು ಎಣಿಸಿಕೊಂಡೇ ಕಾಯುತ್ತಾರೆ, ನಮ್ಮಲ್ಲಿ ಪರೀಕ್ಷೆಯ ದಿನ ಎಣಿಸುವ ಹಾಗೆ.

ಕೀರ್ತನೆ ಹಾಡುವುದಕ್ಕೆ ತಾಳ ಇಲ್ಲ. ಮಾತಿನ ಓಟದಲ್ಲೇ ಹಾಡಬೇಕು, ಯಾವ ಪದಕ್ಕೆ ಸ್ವರ ಬದಲಾಗಬೇಕು ಅನ್ನುವುದಕ್ಕೆ ಪುಸ್ತಕದಲ್ಲಿ ಚಿಕ್ಕ ಗೆರೆಗಳಿರುತ್ತವೆ. ಇಪ್ಪತ್ತು ಜನ ಒಂದೇ ಬಾಯಾಗಿ ಉಸಿರು ತೆಗೆದುಕೊಳ್ಳಬೇಕು. ಕಾಲು ಭಾಗ ದಾಟುವ ಹೊತ್ತಿಗೆ ಚಿಕ್ಕವನು ಎಲ್ಲಿದ್ದೇನೆ ಅಂತ ಮರೆತ. ಕಣ್ಣು ಪುಟದ ಮೇಲೆಲ್ಲ ಓಡಾಡಿತು. ದೊಡ್ಡವನು ಅವನ ಕಡೆ ನೋಡಲೂ ಇಲ್ಲ. ಹಾಡು ನಿಲ್ಲಿಸಲಿಲ್ಲ. ಕೈ ಮಾತ್ರ ಪಕ್ಕಕ್ಕೆ ಬಂತು, ತೋರುಬೆರಳು ಆ ಪುಟ್ಟನ ಪುಸ್ತಕದಲ್ಲಿ ಸರಿಯಾದ ಸಾಲಿನ ಮೇಲೆ ಕೂತಿತು. ಒಂದು ವಚನದಷ್ಟು ಹೊತ್ತು ಬೆರಳು ಸಾಲಿನ ಜೊತೆ ಹರಿಯಿತು. ಪುಟ್ಟ ಬಾಯಿ ತೆರೆದ. ಬೆರಳು ಹಿಂದಕ್ಕೆ ಹೋಯಿತು.

ಈ ಇಡೀ ಪದ್ಧತಿ ನಿಂತಿರುವುದು ಆ ಬೆರಳಿನ ಮೇಲೆ. ಮಾಸ್ತರು ಬೆಳಿಗ್ಗೆ ಕ್ಲಾಸಿಗೆ ಮುಂಚೆ ಪ್ರಾಕ್ಟೀಸ್ ಮಾಡಿಸುತ್ತಾರೆ, ಸರಿ. ಆದರೆ ಎಲ್ಲಿ ಉಸಿರು ಕದಿಯಬೇಕು, ನೆಗಡಿ ಇದ್ದ ದಿನ ಎಲ್ಲಿ ಬಾಯಿ ಮಾತ್ರ ಆಡಿಸಬೇಕು, ಮೇಣದಬತ್ತಿಗೆ ಬೆಂಕಿ ಹಚ್ಚುವವರು ಎಡವಿದರೆ ನಗು ಹೇಗೆ ನುಂಗಬೇಕು, ಇದೆಲ್ಲ ಪಕ್ಕದವನಿಂದ ಬರುವುದು. ಆ ದೊಡ್ಡವನಿಗೂ ನಾಲ್ಕು ವರ್ಷದ ಹಿಂದೆ ಇನ್ಯಾರೋ ಬೆರಳು ಇಟ್ಟಿದ್ದರು. ಅವನಿಗೆ ಇನ್ನೊಬ್ಬ. ಸಾಲ್ಸ್‌ಬರಿ ಕೆಥೆಡ್ರಲ್‌ನ ಕ್ವಾಯರ್ ಮಕ್ಕಳ ಶಾಲೆ 1091ರದ್ದು. ಇಂಗ್ಲೆಂಡಿನದೇ ವೆಲ್ಸ್ ಎಂಬ ಊರಿನದು 909ರಿಂದ ಬಂದದ್ದು ಅನ್ನುತ್ತಾರೆ. ಸಾಲ್ಸ್‌ಬರಿಯಲ್ಲಿ ಹೊಸ ಕಾರಿಸ್ಟರ್‌ನ ತಲೆಯನ್ನು ಒಂದು ಕಲ್ಲಿಗೆ ಮೆಲ್ಲಗೆ ತಾಗಿಸುವ ಸಂಪ್ರದಾಯ ಇವತ್ತಿಗೂ ಇದೆ. ಸಾವಿರ ವರ್ಷ ಎಂದರೆ ಕೇಳಲು ದೊಡ್ಡದು. ಆದರೆ ಅದು ಐದೈದು ವರ್ಷದ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕಿದ ಹಗ್ಗ.

ಗಂಟು ಬಿಚ್ಚಿದರೆ ಏನಾಗುತ್ತದೆ ಅಂತಲೂ ಗೊತ್ತಿದೆ, ಯಾಕೆಂದರೆ ಒಮ್ಮೆ ಬಿಚ್ಚಿದೆ. 1640ರ ದಶಕದ ಅಂತರ್ಯುದ್ಧದಲ್ಲಿ ಚರ್ಚಿನಲ್ಲಿ ಆಡಂಬರ ಬೇಡ ಎನ್ನುವ ಪ್ಯೂರಿಟನ್ನರು ಕ್ವಾಯರ್‌ಗಳನ್ನು ಮುಚ್ಚಿಸಿದರು, ಆರ್ಗನ್‌ಗಳನ್ನು ಒಡೆದರು. 1660ರಲ್ಲಿ ರಾಜ ವಾಪಸು ಬಂದ. ದುಡ್ಡು ಬಂತು, ಗಂಡಸರೂ ಸಿಕ್ಕಿದರು. ಹಾಡಲು ಬರುವ ಹುಡುಗರು ಮಾತ್ರ ಇರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಸ್ವರವನ್ನು ಕಾರ್ನೆಟ್ ಎಂಬ ಊದುವ ವಾದ್ಯದಲ್ಲಿ ನುಡಿಸಿ, ಗಂಡಸರ ಕೈಲಿ ಕಳ್ಳಕಂಠದಲ್ಲಿ ಹಾಡಿಸಿ ಸುಧಾರಿಸಿದರು ಅಂತ ಸಂಗೀತಗಾರ ಮ್ಯಾಥ್ಯೂ ಲಾಕ್ ಬರೆದಿಟ್ಟಿದ್ದಾರೆ. ಹದಿನೈದು-ಹದಿನಾರು ವರ್ಷದ ಮೌನಕ್ಕೇ ಈ ಗತಿ. ರಾಜನ ಚಾಪೆಲ್‌ಗೆ ಮಕ್ಕಳನ್ನು ಸೇರಿಸುವ ಕೆಲಸ ಹೆನ್ರಿ ಕುಕ್ ಎಂಬವರ ಪಾಲಿಗೆ ಬಂತು. ಅವರು ಕಟ್ಟಿದ ಆ ಹುಡುಗರ ಗುಂಪಿನಿಂದಲೇ ಹೆನ್ರಿ ಪರ್ಸೆಲ್ ಎಂಬ ದೊಡ್ಡ ಸಂಗೀತಗಾರ ಬಂದದ್ದು. ಅದಕ್ಕೂ ಮುಂಚೆ, ರಾಣಿ ಎಲಿಜಬೆತ್ ಕಾಲದಲ್ಲಿ, ಚಾಪೆಲ್‌ನ ಮಾಸ್ತರಿಗೆ ಒಳ್ಳೇ ಕಂಠದ ಹುಡುಗ ಎಲ್ಲಿ ಸಿಕ್ಕಿದರೂ ಎಳೆದುಕೊಂಡು ಬರುವ ಅಧಿಕಾರ ಇತ್ತು. ಹಾಗೆ ಎತ್ತಿಕೊಂಡು ಹೋದಾಗ ಅಪ್ಪಂದಿರು ಕೋರ್ಟಿಗೆ ಹೋದದ್ದೂ ಉಂಟು. ಈಗ ಆ ಅಧಿಕಾರ ಇಲ್ಲ. ಈಗ ಅಪ್ಪ-ಅಮ್ಮನ ಕಾಲು ಹಿಡಿಯಬೇಕು.

ಲೆಕ್ಕ ಹಾಕಿ ನೋಡಿ. ಹದಿನಾರು ಮಕ್ಕಳು, ಐದು ವರ್ಷ. ವರ್ಷಕ್ಕೆ ಮೂರ್ನಾಲ್ಕು ಜನ ಹೊರಗೆ, ಮೂರ್ನಾಲ್ಕು ಜನ ಒಳಗೆ. ಒಂದು ವರ್ಷ ಯಾರೂ ಬರಲಿಲ್ಲ ಅನ್ನಿ, ಆ ತೂತು ಐದು ವರ್ಷ ಕ್ವಾಯರಿನೊಳಗೇ ಮೇಲಕ್ಕೆ ಸರಿಯುತ್ತಾ ಹೋಗುತ್ತದೆ. ಮೊದಲು ಚಿಕ್ಕವರು ಕಡಿಮೆ, ಕೊನೆಗೆ ಬೆರಳು ಇಡುವ ದೊಡ್ಡವರೇ ಇಲ್ಲ. ಕೊರೋನಾ ಕಾಲದಲ್ಲಿ ಆದದ್ದು ಇದೇ. 2020ರಲ್ಲಿ ಒಟ್ಟಿಗೆ ಹಾಡುವುದನ್ನೇ ನಿಲ್ಲಿಸಿದರು. ಬಾಗಿಲು ತೆರೆದಾಗ ಎಲ್ಲ ಸರಿಹೋಯಿತು ಅಂದುಕೊಂಡವರು ಜಾಸ್ತಿ. ಕ್ವಾಯರ್ ಮಾಸ್ತರುಗಳಿಗೆ ಮಾತ್ರ ಗೊತ್ತಿತ್ತು, ಇದರ ಏಟು ತಡವಾಗಿ ಬೀಳುತ್ತದೆ ಅಂತ.

ಇದರ ಮೇಲೆ ಇನ್ನೊಂದು. ಹುಡುಗರ ದನಿ ಒಡೆಯುವ ವಯಸ್ಸು ಕೆಳಗೆ ಬರುತ್ತಿದೆ. ಮುನ್ನೂರು ವರ್ಷದ ಹಿಂದೆ, ಜರ್ಮನ್ ಸಂಗೀತಗಾರ ಬಾಖ್ ಕಾಲದಲ್ಲಿ, ಹದಿನಾರು, ಹದಿನೇಳರವರೆಗೂ ಹುಡುಗರು ಮೇಲಿನ ಸ್ವರ ಹಾಡುತ್ತಿದ್ದರಂತೆ. ಈಗ ಹದಿಮೂರು ದಾಟಿದರೆ ಪುಣ್ಯ. ಊಟ ಚೆನ್ನಾಗಿದೆ, ಮಕ್ಕಳು ಬೇಗ ಬೆಳೆಯುತ್ತವೆ, ಯಾರನ್ನು ಬೈಯುವುದು? ಆದರೆ ಒಂದು ವರ್ಷ ಮುಂಚೆ ದನಿ ಹೋಯಿತೆಂದರೆ ಕ್ವಾಯರಿನ ಐದನೇ ಒಂದು ಭಾಗ ಹೋದ ಹಾಗೆ, ಅದೂ ಅತಿ ಹೆಚ್ಚು ಕಲಿತ ಭಾಗ.

ಹಿಂದೆ ಸಾಲಿನಲ್ಲಿ ನಿಲ್ಲುವ ಆರು ಗಂಡಸರಿಗೆ ಲೇ ಕ್ಲರ್ಕ್ ಅನ್ನುತ್ತಾರೆ. ಹೆಸರು ಕೇಳಿ ನಾನು ಆಫೀಸಿನ ಗುಮಾಸ್ತರು ಅಂದುಕೊಂಡಿದ್ದೆ. ಅವರಲ್ಲಿ ಒಬ್ಬರು ನಮ್ಮ ಬೀದಿಗೆ ಟಪಾಲು ತರುವ ಪೋಸ್ಟ್‌ಮ್ಯಾನ್. ಒಂದು ದಿನ ಕೆಂಪು ಜಾಕೆಟ್ಟು, ಚಡ್ಡಿ ಹಾಕಿಕೊಂಡು (ಇಲ್ಲಿನ ಪೋಸ್ಟ್‌ಮ್ಯಾನ್‌ಗಳು ಹಿಮ ಬಿದ್ದರೂ ಚಡ್ಡಿ ಬಿಡುವುದಿಲ್ಲ) ನನ್ನ ಕೈಗೆ ಪಾರ್ಸೆಲ್ ಕೊಟ್ಟರು. ಅವತ್ತೇ ಸಂಜೆ ನಿಲುವಂಗಿಯಲ್ಲಿ ಹದಿನಾರನೇ ಶತಮಾನದ ಸಂಗೀತಗಾರ ಟ್ಯಾಲಿಸ್‌ನ ಲ್ಯಾಟಿನ್ ಹಾಡುತ್ತಾ ನಿಂತಿದ್ದರು. ನನಗೆ ಗುರುತೇ ಸಿಗಲಿಲ್ಲ. ಅವರಿಗೇ ನನ್ನ ಗುರುತು ಸಿಕ್ಕಿ, ಹೊರಗೆ ಹೋಗುವಾಗ ಹುಬ್ಬು ಹಾರಿಸಿದರು.

ಆಮೇಲೆ ಗೇಟಿನ ಹತ್ತಿರ ಸಿಕ್ಕಾಗ ಹೇಳಿದರು, ಪೋಸ್ಟ್ ಕೆಲಸ ಹಿಡಿದದ್ದೇ ಹಾಡಿಗಾಗಿ ಅಂತ. ಮುಂಜಾನೆ ಶುರು, ಮಧ್ಯಾಹ್ನಕ್ಕೆ ಮುಗಿಯುತ್ತದೆ, ಒಂದು ನಿದ್ದೆ ಹೊಡೆದು ಐದಕ್ಕೆ ಕೆಥೆಡ್ರಲ್. ಕ್ವಾಯರಿನ ಸಂಬಳ ನಂಬಿ ಬದುಕಲು ಆಗುವುದಿಲ್ಲ. ಸಂಜೆ ಐದಕ್ಕೆ ಬಿಡುವ ಕೆಲಸ ಬೇಕು, ಭಾನುವಾರ ಫ್ರೀ ಇರಬೇಕು, ಕೆಥೆಡ್ರಲ್ ಹತ್ತಿರ ಮನೆ ಬೇಕು. ಕೆಥೆಡ್ರಲ್ ಇರುವ ಊರುಗಳಲ್ಲೇ ಬಾಡಿಗೆ ಜಾಸ್ತಿ. "ಮೊದಲೆಲ್ಲ ಟೀಚರುಗಳು ಬರುತ್ತಿದ್ದರು. ಈಗ ಟೀಚರುಗಳಿಗೆ ಐದಕ್ಕೆ ಬಿಡುವು ಎಲ್ಲಿದೆ?" ಅಂದರು. ವೇಲ್ಸ್‌ನ ಲ್ಯಾಂಡಾಫ್ ಕೆಥೆಡ್ರಲ್ 2013ರಲ್ಲಿ ಖರ್ಚು ತಡೆಯಲಾರದೆ ಸಂಬಳದ ಹಾಡುಗಾರರನ್ನೇ ತೆಗೆದುಹಾಕಿತ್ತು. ಆ ಸುದ್ದಿ ಇವರ ಬಾಯಲ್ಲಿ ಇನ್ನೂ ನಿನ್ನೆ ಮೊನ್ನೆಯದರ ಹಾಗೆ ಬರುತ್ತದೆ.

ಗಂಡಸರ ಗೋಳು ಹೊಸದಲ್ಲ ಬಿಡಿ. ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿ ಎಂಬ ದೊಡ್ಡ ಸಂಗೀತಗಾರ 1830ರ ದಶಕದಲ್ಲಿ ಹೆರೆಫರ್ಡ್‌ನಲ್ಲಿ ಆರ್ಗನಿಸ್ಟ್ ಆಗಿದ್ದರು. ಈಸ್ಟರ್ ಹಬ್ಬದ ದಿನ ನೋಡಿದರೆ ಗಂಡಸರೇ ಇಲ್ಲ. ಹುಡುಗರ ಜೊತೆ ಇದ್ದದ್ದು ಒಂದೇ ಒಂದು ಬೇಸ್ ದನಿ, ಅದು ಡೀನ್ (ಕೆಥೆಡ್ರಲ್‌ನ ಮುಖ್ಯ ಪಾದ್ರಿ) ಮನೆಯ ಬಟ್ಲರನದು. ಇದ್ದವರಿಗೆ ತಕ್ಕ ಹಾಗೆ ಅವರು ಬರೆದ ಹಾಡನ್ನು ಇವತ್ತಿಗೂ ಎಲ್ಲ ಕೆಥೆಡ್ರಲ್‌ಗಳಲ್ಲಿ ಹಾಡುತ್ತಾರೆ. 1849ರಲ್ಲಿ ವೆಸ್ಲಿ ಸಿಟ್ಟಿನಿಂದ ಒಂದು ಪುಟ್ಟ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಪ್ರತಿ ಕೆಥೆಡ್ರಲ್‌ಗೆ ಕನಿಷ್ಠ ಹನ್ನೆರಡು ಜನ ಗಂಡಸರು ಬೇಕೇ ಬೇಕು ಅಂತ ಅವರ ಹಠ. ನಾನು ಎಣಿಸಿದ್ದು ಆರು. ಆ ಹೊತ್ತಿಗೆ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದು (ಬಂದದ್ದು 1834ರಲ್ಲಿ) ಹದಿನೈದು ವರ್ಷವಾಗಿತ್ತು. ಅಪ್ಪ ಬದುಕಿದ್ದರೆ ಬಟ್ಲರನ ಕತೆ ಕೇಳಿ ಖುಷಿಪಡುತ್ತಿದ್ದರು. ನಮ್ಮ ಕ್ವಾಯರಿನಲ್ಲೂ ಎಷ್ಟೋ ಈಸ್ಟರ್‌ಗಳಿಗೆ ಬೇಸ್ ಅಂದರೆ ಅವರೊಬ್ಬರೇ.

ಈಗ ಬಿಲ್ಲು.

ಮಕ್ಕಳು ಬೆಳಿಗ್ಗೆ ಪ್ರಾಕ್ಟೀಸಿಗೆ ಬರಬೇಕು, ಸಂಜೆ ಹಾಡಬೇಕು, ನಡುವೆ ಪಾಠವೂ ಆಗಬೇಕು ಅಂದರೆ ಸ್ಕೂಲು ಪಕ್ಕದಲ್ಲೇ ಇರಬೇಕು, ಟೈಮ್ ಟೇಬಲ್ ಹಾಡಿಗೆ ಹೊಂದಬೇಕು. ಹಾಗೆ ಹುಟ್ಟಿದ್ದು ಕ್ವಾಯರ್ ಸ್ಕೂಲ್. ಹೆಚ್ಚಿನವು ಈಗ ಖಾಸಗಿ ಶಾಲೆಗಳು. ಇನ್ನೂರು ಮುನ್ನೂರು ಬೇರೆ ಮಕ್ಕಳ ಫೀಸಿನ ಬೆನ್ನ ಮೇಲೆ ಈ ಹದಿನಾರೋ ಇಪ್ಪತ್ತೋ ಮಕ್ಕಳು ಕೂತಿರುತ್ತಾರೆ. ಬರೀ ಕಾರಿಸ್ಟರ್‌ಗಳಿಗೆಂದೇ ಇರುವ ಶಾಲೆ ಬ್ರಿಟನ್ನಿನಲ್ಲಿ ಒಂದೇ, ವೆಸ್ಟ್‌ಮಿನ್‌ಸ್ಟರ್ ಅಬಿಯದು. ಕಾರಿಸ್ಟರ್‌ಗಳಿಗೆ ಸ್ಕಾಲರ್‌ಶಿಪ್ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಪೂರ್ತಿ ಅಲ್ಲ. ಉಳಿದದ್ದನ್ನು ಮನೆಯವರು ಕಟ್ಟಬೇಕು. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಫೀಸಿನ ಮೇಲೆ ಸರ್ಕಾರ ಶೇ 20 ವ್ಯಾಟ್ ಹಾಕಿದೆ. ಶ್ರೀಮಂತರ ಮಕ್ಕಳ ಶಾಲೆಗೆ ತೆರಿಗೆ ಯಾಕೆ ಬೇಡ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ನಾನೂ ಅದರ ಪರವೇ. ಆದರೆ ಅರ್ಧ ಸ್ಕಾಲರ್‌ಶಿಪ್ಪಿನ ಮೇಲೆ ಕಷ್ಟಪಟ್ಟು ಮಗನನ್ನು ಇಟ್ಟಿದ್ದ ಮನೆಗೂ ಅದೇ ಏಟು ಬಿತ್ತು. ಶಾಲೆ ಚಿಕ್ಕದಾದಷ್ಟೂ ಏಟು ಜೋರು.

ಮುಚ್ಚಿದವೂ ಇವೆ. ರಿಪನ್ ಕೆಥೆಡ್ರಲ್‌ನ ಕ್ವಾಯರ್ ಸ್ಕೂಲು 2012ರಲ್ಲಿ ಮುಚ್ಚಿತು. ಯಾರ್ಕ್ ಮಿನ್‌ಸ್ಟರ್ ಎಂಬ ಕೆಥೆಡ್ರಲ್‌ನ ಶಾಲೆ ತನ್ನ ಬೇರನ್ನು 627ರವರೆಗೆ ಹಿಡಿಯುತ್ತಿತ್ತು. ಅದು 2020ರ ಬೇಸಗೆಯಲ್ಲಿ ಬಾಗಿಲು ಹಾಕಿತು. ಯಾರ್ಕ್‌ನಲ್ಲಿ ಹಾಡು ನಿಲ್ಲಲಿಲ್ಲ, ಮಕ್ಕಳು ಅದೇ ಊರಿನ ಇನ್ನೊಂದು ಶಾಲೆಗೆ ಹೋದರು. ಬೇರೆ ದಾರಿಗಳೂ ಇವೆ. ಬ್ರಿಸ್ಟಲ್‌ನ ಕ್ವಾಯರ್ ಸ್ಕೂಲು 2008ರಲ್ಲಿ ಫೀಸಿಲ್ಲದ ಸರ್ಕಾರಿ ಶಾಲೆಯಾಯಿತು. ಪೀಟರ್‌ಬರೋ, ಸೌತ್‌ವೆಲ್‌ಗಳಲ್ಲೂ ಕಾರಿಸ್ಟರ್‌ಗಳು ಸರ್ಕಾರಿ ಶಾಲೆಯಲ್ಲೇ ಓದುತ್ತಾರೆ. ಉತ್ತರದಲ್ಲಿ ಲೀಡ್ಸ್‌ನ ಕ್ಯಾಥೊಲಿಕ್ ಧರ್ಮಪ್ರಾಂತ್ಯದವರು ಇನ್ನೂ ಜಾಣರು. ಮಕ್ಕಳು ಬರಲಿ ಅಂತ ಕಾಯದೆ, ಮಾಸ್ತರುಗಳನ್ನೇ ಸಾಮಾನ್ಯ ಶಾಲೆಗಳಿಗೆ ಕಳಿಸಿ ಹಾಡು ಕಲಿಸಿದರು. ಶೆಫೀಲ್ಡ್ ಕೆಥೆಡ್ರಲ್ 2020ರಲ್ಲಿ, ನಮ್ಮ ಕ್ವಾಯರ್ ಊರಿನ ಎಲ್ಲ ಬಗೆಯ ಜನರ ಹಾಗೆ ಕಾಣಬೇಕು ಅಂತ ಹೇಳಿ, ಇದ್ದ ಕ್ವಾಯರನ್ನೇ ವಿಸರ್ಜಿಸಿ ಹೊಸದಾಗಿ ಶುರು ಮಾಡಿತು. ಅದಕ್ಕೆ ದೊಡ್ಡ ಗಲಾಟೆ. ಉದ್ದೇಶ ಸರಿ, ನನಗೂ ಒಪ್ಪಿಗೆ. ಆದರೆ ಆ ಬೆರಳು ನೆನಪಾಗುತ್ತದೆ. ಎಲ್ಲರನ್ನೂ ಮನೆಗೆ ಕಳಿಸಿದ ಮೇಲೆ ಹೊಸಬರ ಪುಸ್ತಕದಲ್ಲಿ ಬೆರಳು ಇಡುವವರು ಯಾರು?

ಹುಡುಗಿಯರ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ವಾದ ಮಾಡಲು ಏನೂ ಉಳಿದಿಲ್ಲ. 1991ರಲ್ಲಿ ಸಾಲ್ಸ್‌ಬರಿ ಹುಡುಗಿಯರದೇ ಬೇರೆ ಕ್ವಾಯರ್ ಕಟ್ಟಿದಾಗ ಪ್ರಳಯವಾದಂತೆ ಕೆಲವರು ಬರೆದರು. ಈಗ ಬಹುತೇಕ ಎಲ್ಲ ಕಡೆ ಹುಡುಗಿಯರಿದ್ದಾರೆ. ಕ್ಯಾಂಟರ್‌ಬರಿಗೆ 2014ರಲ್ಲಿ ಬಂದರು, ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ 2022ರಲ್ಲಿ. ಕಣ್ಣು ಮುಚ್ಚಿ ಕೇಳಿದರೆ ನನಗಂತೂ ವ್ಯತ್ಯಾಸ ತಿಳಿಯುವುದಿಲ್ಲ. ನಿಜವಾದ ತೊಡಕು ದುಡ್ಡಿನದು. ಎರಡು ಗುಂಪು ಅಂದರೆ ಸ್ಕಾಲರ್‌ಶಿಪ್ ಎರಡು ಪಟ್ಟು. ವಾರದ ಸಂಜೆಗಳು ಅಷ್ಟೇ ಇರುವುದರಿಂದ ಪ್ರತಿ ಮಗುವಿಗೆ ಹಾಡುವ ದಿನಗಳು ಅರ್ಧ. ಮನೆಯವರಿಗೆ ಇದೇ ಅನುಕೂಲ, ಮಾಸ್ತರಿಗೆ ಇದೇ ತಲೆನೋವು.

ಇನ್ನೊಂದು ವಿಷಯ ಬೇಗ ದಾಟಿಸುವಂಥದ್ದಲ್ಲ. ಎಂಟು ವರ್ಷದ ಮಕ್ಕಳು, ಬೋರ್ಡಿಂಗ್, ಎದುರಾಡಲು ಆಗದಷ್ಟು ದೊಡ್ಡ ಹೆಸರಿನ ಮಾಸ್ತರುಗಳು. ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯ ರೇಗನ್ಸ್‌ಬುರ್ಗ್ ಕೆಥೆಡ್ರಲ್‌ನ ಪ್ರಸಿದ್ಧ ಹುಡುಗರ ಕ್ವಾಯರಿನ ಬಗ್ಗೆ 2017ರಲ್ಲಿ ವರದಿ ಬಂತು. ದಶಕಗಳ ಕಾಲ ನಡೆದ ಹೊಡೆತ, ಲೈಂಗಿಕ ಹಿಂಸೆಗೆ ಸಿಕ್ಕ ಹುಡುಗರ ಸಂಖ್ಯೆ ಕನಿಷ್ಠ 547. ಇಂಗ್ಲೆಂಡಿನ ಚರ್ಚೂ ಕೈತೊಳೆದುಕೊಂಡು ಕೂರುವ ಸ್ಥಿತಿಯಲ್ಲಿಲ್ಲ. ಈಗ ಪ್ರಾಕ್ಟೀಸಿನಲ್ಲಿ, ದಾರಿಯಲ್ಲಿ, ಬಟ್ಟೆ ಬದಲಿಸುವ ಕೋಣೆಯ ಹೊರಗೆ, ಎಲ್ಲ ಕಡೆ ಮಕ್ಕಳ ಜೊತೆ ಇರಲೆಂದೇ ನೇಮಿಸಿದವರಿದ್ದಾರೆ. ಅದಕ್ಕೂ ಸಂಬಳ, ತರಬೇತಿ, ಕಾಗದಪತ್ರ. ಖರ್ಚು ಜಾಸ್ತಿಯಾಯಿತು ಅಂತ ಗೊಣಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಒಂದು ಖರ್ಚಿನ ಮೇಲೆ ಚೌಕಾಸಿ ಇಲ್ಲ. ಇಷ್ಟು ಖರ್ಚು ಮಾಡಲಾಗದಿದ್ದರೆ ಹಾಡು ನಿಲ್ಲಲಿ.

ಕ್ರಿಸ್ಮಸ್ ಹಾಡು ಮಾತ್ರ ಯಾವತ್ತೂ ನಿಲ್ಲುವುದಿಲ್ಲ, ಅದು ನನಗೆ ಗೊತ್ತು. ಡಿಸೆಂಬರ್‌ನಲ್ಲಿ ಇದೇ ಕೆಥೆಡ್ರಲ್‌ಗೆ ಹೋದರೆ ನಿಲ್ಲಲು ಜಾಗ ಇರುವುದಿಲ್ಲ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಕ್ರಿಸ್ಮಸ್ ಈವ್ ಕಾರ್ಯಕ್ರಮ 1918ರಲ್ಲಿ ಶುರುವಾದದ್ದು, ಬಿಬಿಸಿ ಅದನ್ನು 1928ರಿಂದ ಪ್ರಸಾರ ಮಾಡುತ್ತಿದೆ. ಒಬ್ಬನೇ ಹುಡುಗ ಮೊದಲ ಸಾಲು ಎತ್ತುತ್ತಾನೆ. ಅವನು ಯಾರು ಅಂತ ಅವನಿಗೇ ಕೊನೆ ಗಳಿಗೆಯವರೆಗೆ ಗೊತ್ತಿರುವುದಿಲ್ಲ, ಮಾಸ್ತರು ಆಗಲೇ ಬೆರಳು ತೋರಿಸುವುದು. ಜಗತ್ತೇ ಕೇಳುತ್ತದೆ. ಅಂಥದ್ದಕ್ಕೆ ದುಡ್ಡು ಕೊಡುವವರು ಯಾವಾಗಲೂ ಸಿಗುತ್ತಾರೆ. ಹಳೇ ಗೋಪುರಕ್ಕೆ, ಬಣ್ಣದ ಗಾಜಿಗೆ ಕೂಡ ಸಿಗುತ್ತಾರೆ, ಹೆಸರು ಕೆತ್ತಿಸಬಹುದಲ್ವಾ.

ಬಜೆಟ್ ಮೀಟಿಂಗಿನಲ್ಲಿ ಮೊದಲು ಕತ್ತರಿ ಬೀಳುವುದು ಮಂಗಳವಾರಕ್ಕೆ. ಹನ್ನೊಂದು ಜನ ಬರುವ ಸಂಜೆಗೆ. ವಾರಕ್ಕೆ ಆರು ದಿನ ಯಾಕೆ, ನಾಲ್ಕು ಸಾಕು. ನಾಲ್ಕು ಯಾಕೆ, ಭಾನುವಾರ ಸಾಕು. ಒಂದೊಂದು ಮಾತೂ ಬೇರೆಬೇರೆಯಾಗಿ ಕೇಳಿದರೆ ಸರಿಯೇ ಅನ್ನಿಸುತ್ತದೆ. ಆದರೆ ಆ ಹುಡುಗ ಕ್ರಿಸ್ಮಸ್ ಈವ್‌ನಲ್ಲಿ ನಡುಗದೆ ಒಂದು ಸಾಲು ಎತ್ತುವುದು, ಯಾರೂ ಕೇಳದ ನೂರಾರು ಸಂಜೆ ಹಾಡಿದ್ದರಿಂದ. ಎಂಟು ವರ್ಷದವನು ಹದಿನಾರನೇ ಶತಮಾನದ ನಾಲ್ಕು ದನಿಯ ಲ್ಯಾಟಿನ್ ಹಾಡನ್ನು ಬೆಳಿಗ್ಗೆ ನೋಡಿ ಸಂಜೆ ಹಾಡುವುದು, ನಿನ್ನೆಯೂ ಮೊನ್ನೆಯೂ ಅದನ್ನೇ ಮಾಡಿದ್ದರಿಂದ. ವಾರ್ಡಿನಲ್ಲಿ ನಾವೂ ಹಾಗೇ ತಾನೇ ಕಲಿಯುವುದು. ಎಮರ್ಜೆನ್ಸಿಯಲ್ಲಿ ಕೈ ನಡುಗದಿರುವುದು ಏನೂ ಆಗದ ಸಾವಿರ ದಿನ ಬಿ.ಪಿ. ನೋಡಿದ್ದರಿಂದ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು.

ನಾಲ್ಕು ವರ್ಷದ ಹಿಂದೆ ನನ್ನ ಮಗನಿಗೆ ಎಂಟಾಗಿತ್ತು. ಅವನ ಸ್ಕೂಲಿಗೆ ಕ್ವಾಯರಿನವರು ಬಂದು ಹಾಡಿಸಿದರು. ಒಂದು ವಾರ ಬಿಟ್ಟು ಕಾಗದ ಬಂತು, ನಿಮ್ಮ ಮಗನಿಗೆ ಒಳ್ಳೇ ಕಿವಿ ಇದೆ, ವಾಯ್ಸ್ ಟ್ರಯಲ್‌ಗೆ ಕರೆದುಕೊಂಡು ಬನ್ನಿ ಅಂತ. ಹೋದೆವು. ಪಿಯಾನೋ ಪಕ್ಕ ನಿಲ್ಲಿಸಿ ನಾಲ್ಕು ಸ್ವರ ಒಟ್ಟಿಗೆ ಒತ್ತಿ, ನಡುವಿನದನ್ನು ಹಾಡು ಅಂದರು. ಹಾಡಿದ. ಉದ್ದದ ಸಾಲು ನುಡಿಸಿ ತಿರುಗಿ ಹಾಡಿಸಿದರು. ಹಾಡಿದ. ಅವರಿಗೆ ಖುಷಿಯಾಯಿತು. ನನಗೆ ಅಪ್ಪ ನೆನಪಾದರು, ಕಣ್ಣು ಒದ್ದೆಯಾಯಿತು. ಅಷ್ಟಾದ ಮೇಲೆ ಟೈಮ್ ಟೇಬಲ್ ಕೈಗೆ ಕೊಟ್ಟರು.

ವಾರದಲ್ಲಿ ಆರು ದಿನ ಬೆಳಿಗ್ಗೆ, ಸಂಜೆ. ಭಾನುವಾರ ಎರಡೋ ಮೂರೋ ಸಲ. ಈಸ್ಟರ್ ರಜೆ ಈಸ್ಟರ್ ಮುಗಿದ ಮೇಲೆ. ಕ್ರಿಸ್ಮಸ್ ರಜೆ 25ನೇ ತಾರೀಕು ಕೊನೆಯ ಹಾಡು ಹಾಡಿದ ಮೇಲೆ. ಅಂದರೆ ಇನ್ನು ಐದು ವರ್ಷ ಕ್ರಿಸ್ಮಸ್‌ಗೆ ಮಂಗಳೂರಿಗೆ ಹೋಗುವ ಮಾತೇ ಇಲ್ಲ. ನನ್ನ ಡ್ಯೂಟಿ ನೋಡಿದರೆ ಬೆಳಿಗ್ಗೆ ಏಳೂವರೆಗೆ ಮಗನನ್ನು ಬಿಡುವವರು ಯಾರು? ಬೋರ್ಡಿಂಗ್ ಹಾಕಬಹುದು ಅಂದರು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಎಂಟು ವರ್ಷದ ಮಗುವನ್ನು ಹಾಸ್ಟೆಲಿಗೆ ಹಾಕುವುದಾ? ನಿನ್ನ ಮಂಡೆ ಸರಿ ಉಂಟಾ?" ಅಂದಳು. ಫೀಸಿನ ಹಾಳೆ ನೋಡಿ ಗಂಡ ಏನೂ ಹೇಳಲಿಲ್ಲ, ಮಡಿಸಿ ಮೇಜಿನ ಮೇಲಿಟ್ಟರು. ಮಗನಿಗೆ ಒಂದೇ ಪ್ರಶ್ನೆ ಇತ್ತು. "ಶನಿವಾರ ಫುಟ್‌ಬಾಲ್?" ಇಲ್ಲ ಅಂದೆ.

ಬೇಡ ಅಂತ ಕಾಗದ ಬರೆದೆವು. ಅವರು ಬೇಜಾರು ಮಾಡಿಕೊಳ್ಳದೆ ಒಳ್ಳೆಯ ಉತ್ತರ ಬರೆದರು. ಎಷ್ಟೋ ಮನೆಗಳಿಂದ ಇದೇ ಕಾಗದ ಬರುತ್ತದೆ ಅನ್ನುವುದು ಆ ಉತ್ತರ ಓದಿದರೆ ತಿಳಿಯುತ್ತಿತ್ತು, ಅಷ್ಟು ಪಳಗಿದ ಕೈ.

ಅಂದರೆ ಆ ವರ್ಷದ ತೂತಿನಲ್ಲಿ ನನ್ನದೂ ಒಂದು ಪಾಲು ಇದೆ. ಮಂಗಳವಾರ ಹೋಗಿ ಕೂರುತ್ತೇನೆ, ಕೇಳುತ್ತೇನೆ, ತಟ್ಟೆಗೆ ಐದು ಪೌಂಡ್ ಹಾಕುತ್ತೇನೆ, ಬೇರೆಯವರ ಮಕ್ಕಳು ಹಾಡುತ್ತಾರೆ. ನಾವು ತಪ್ಪು ಮಾಡಿದೆವು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಮಗನಿಗೆ ಈಗ ಹನ್ನೆರಡು. ಶನಿವಾರ ಮೈತುಂಬ ಕೆಸರು ಮಾಡಿಕೊಂಡು ಬರುತ್ತಾನೆ, ಕ್ರಿಸ್ಮಸ್‌ಗೆ ಅಜ್ಜಿಯ ಜೊತೆ ಮಂಗಳೂರಿನ ಕ್ಯಾರಲ್ ರೌಂಡ್ಸ್‌ಗೆ ಹೋಗುತ್ತಾನೆ. ಆದರೂ ಆ ಬೆರಳು ಇಟ್ಟ ಹುಡುಗನನ್ನು ನೋಡಿದಾಗ ಇವನದೇ ವಯಸ್ಸು ಅಂತ ಹೊಳೆಯಿತು. ಇವನು ಆ ಜಾಗದಲ್ಲಿ ನಿಂತಿರಬಹುದಿತ್ತು. ಈ ಸಲದ ಬೇಸಗೆ ಮುಗಿಯುವ ಹೊತ್ತಿಗೆ ಇವನ ದನಿಯೂ ಒಡೆಯುತ್ತದೆ, ಫೋನಿನಲ್ಲಿ ಈಗಾಗಲೇ ಅಮ್ಮನಿಗೆ ಅಳಿಯ ಯಾರು, ಮೊಮ್ಮಗ ಯಾರು ಅಂತ ಗೊಂದಲ.

ಹೋದ ವಾರ ಪೋಸ್ಟ್‌ಮ್ಯಾನ್ ಬಂದಾಗ ಚಿಕ್ಕ ಮಗಳು ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಾ ಏನೋ ಗುನುಗುತ್ತಿದ್ದಳು. ಅವರು ಪಾರ್ಸೆಲ್ ಕೊಟ್ಟರು, ಸಹಿ ಮಾಡಿಸಿಕೊಂಡರು, ಆದರೆ ಹೋಗಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ ಅವಳ ಹಾಡು ಮುಗಿಯುವವರೆಗೆ ನಿಂತರು.

"ಇವಳಿಗೆ ಎಷ್ಟು ವಯಸ್ಸು?" ಅಂದರು.

"ಆರು" ಅಂದೆ.

"ಆರಾ" ಅಂದು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಪಕ್ಕದ ಮನೆಯ ಗೇಟು ತೆಗೆದರು.